ಸ್ಪರ್ಧೆಯ ಕಾರಿನ ಎಂಜಿನ್ ಜೋಡಿಸುವಾಗ ಬೋಲ್ಟ್, ಸ್ಟಡ್ ತುಂಡಾಗದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆಯಲ್ಲಿ ಆಟೋಕ್ರಾಸ್ ಮತ್ತು ರ‍್ಯಾಲಿಗಳಿಗಾಗಿ ಜಿಪ್ಸಿ, ಎಸ್ಟೀಮ್, ಸ್ವಿಫ್ಟ್ ಕಾರುಗಳ ಎಂಜಿನ್ ಬಿಚ್ಚಿ ಹೊಸದಾಗಿ ಜೋಡಿಸುವವರು ನಮ್ಮ ಕಾರ್ಯಾಗಾರಕ್ಕೆ ಬಂದಾಗ ಅಥವಾ ಫೋನು ಮಾಡಿದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಕ್ಯಾಮ್, ಪಿಸ್ಟನ್, ಎಕ್ಸಾಸ್ಟ್ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರೂ ಬೋಲ್ಟಿನ ಬಗ್ಗೆ ಬಾಯಿ ತೆರೆಯುವುದು ಹೆಚ್ಚಾಗಿ ಅದು ತುಂಡಾದ ಮೇಲೆಯೇ. ಇಲ್ಲಿ ಕೊಟ್ಟಿರುವ ಅಂಕಿಗಳು ವಿಷಯವನ್ನು ಅರ್ಥ ಮಾಡಿಕೊಳ್ಳುವುದಕ್ಕೆ. ನಿಮ್ಮ ಎಂಜಿನ್ನಿನ ಬಿಗಿಯ ಅಳತೆಯನ್ನು ಆ ಎಂಜಿನ್ನಿನ ಕೈಪಿಡಿಯಿಂದ ಅಥವಾ ಬೋಲ್ಟ್ ತಯಾರಕರು ಕೊಟ್ಟ ಹಾಳೆಯಿಂದಲೇ ತೆಗೆದುಕೊಳ್ಳಬೇಕು.

ಬೋಲ್ಟ್ ತುಂಡಾಯಿತೆಂದರೆ ಹೆಚ್ಚು ಬಿಗಿಯಾಗಿತ್ತು ಎಂದೇ ಅರ್ಥವಲ್ಲವೇ?

ಸ್ಪ್ಯಾನರ್ ಕೈಯಲ್ಲಿರುವಾಗಲೇ ತುಂಡಾದರೆ ಸಾಮಾನ್ಯವಾಗಿ ಹೌದು. ಎಂಜಿನ್ ಓಡುತ್ತಿರುವಾಗ ತುಂಡಾದ ಬೋಲ್ಟುಗಳ ಕಥೆ ಬೇರೆ: ನಮ್ಮ ಮೇಜಿಗೆ ಬಂದ ಅಂಥವುಗಳಲ್ಲಿ ಹೆಚ್ಚಿನವು ಬಿಗಿ ಸಾಲದೆ ಹೋದವು.

ಬೋಲ್ಟನ್ನು ಬಹಳ ಗಟ್ಟಿಯಾದ ಸ್ಪ್ರಿಂಗ್ ಎಂದು ತಿಳಿಯಬೇಕು. ಬಿಗಿಸಿದಾಗ ಅದು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ಮತ್ತೆ ಕುಗ್ಗಲು ಹವಣಿಸುವ ಆ ಎಳೆತವೇ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಈ ಒತ್ತು ಎಂಜಿನ್ನಿನೊಳಗಿನ ಬಲಕ್ಕಿಂತ ಹೆಚ್ಚಾಗಿರುವವರೆಗೆ ಹೊರಗಿನ ಎಳೆತದ ಸಣ್ಣ ಪಾಲು ಮಾತ್ರ ಬೋಲ್ಟಿಗೆ ಮುಟ್ಟುತ್ತದೆ. ಉಳಿದದ್ದು ಭಾಗಗಳ ನಡುವಿನ ಒತ್ತನ್ನು ತಗ್ಗಿಸುವುದರಲ್ಲೇ ಮುಗಿಯುತ್ತದೆ. ಬಿಗಿ ಕಡಿಮೆಯಿದ್ದು ಜೋಡಣೆ ಒಂದು ಕೂದಲೆಳೆಯಷ್ಟು ಬಾಯಿ ತೆರೆದರೂ ಪೂರ್ತಿ ಎಳೆತ ಪ್ರತಿ ಸುತ್ತಿನಲ್ಲೂ ಬೋಲ್ಟಿನ ಮೇಲೆಯೇ ಬೀಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ರೀತಿಯ ದಣಿವು ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಈ ಪುಟದುದ್ದಕ್ಕೂ ನಾವು ಕೇಳುವ ಪ್ರಶ್ನೆ ಒಂದೇ: ಬೋಲ್ಟ್ ನಿಜವಾಗಿ ಎಷ್ಟು ಉದ್ದವಾಗಿದೆ? ಎಷ್ಟು ಬಲ ಹಾಕಿ ತಿರುಗಿಸಿದಿರಿ ಎಂಬುದು ಅದರ ನೆರಳು ಮಾತ್ರ.

ಕಂಪನಿಯ ಬೋಲ್ಟುಗಳೇ ಒಂದು ಲಕ್ಷ ಕಿಲೋಮೀಟರ್ ಬಂದಿವೆ. ಸ್ಪರ್ಧೆಗೆ ಅವು ಏಕೆ ಸಾಲುವುದಿಲ್ಲ?

ಹೆಡ್ ಬೋಲ್ಟ್, ಮೇನ್ ಬೇರಿಂಗ್ ಬೋಲ್ಟುಗಳ ಮಟ್ಟಿಗೆ ಹಲವು ಸಲ ಸಾಲುತ್ತವೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಎಳೆತವು ಆರ್‌ಪಿಎಂನ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ಏರುತ್ತದೆ. ಜಿಪ್ಸಿಯ 1,298 ಸಿಸಿ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 75.5 ಮಿ.ಮೀ. ಪಿಸ್ಟನ್, ರಿಂಗ್, ಪಿನ್ ಮತ್ತು ರಾಡಿನ ಮೇಲ್ಭಾಗ ಸೇರಿ 600 ಗ್ರಾಂ ಎಂದಿಟ್ಟುಕೊಂಡರೆ, 6,000 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿನ ತುದಿಯಲ್ಲಿ ನಿಂತು ಹಿಂದಿರುಗುವ ಗಳಿಗೆಯಲ್ಲಿ ಅದನ್ನು ಕೆಳಗೆ ಸೆಳೆಯಲು ಸುಮಾರು 1,200 ಕೆ.ಜಿ. ತೂಕದಷ್ಟು ಬಲ ಬೇಕು. 7,500ಕ್ಕೆ ಏರಿಸಿದರೆ ಅದು 1,850 ಕೆ.ಜಿ.ಯನ್ನೂ ದಾಟುತ್ತದೆ. ಆರ್‌ಪಿಎಂ ಏರಿದ್ದು ಕಾಲು ಭಾಗ, ಎಳೆತ ಏರಿದ್ದು ಅರ್ಧಕ್ಕಿಂತ ಹೆಚ್ಚು.

ಅದರಲ್ಲೂ ಕಂಪ್ರೆಷನ್ ಮುಗಿಯುವಾಗ ಸಿಲಿಂಡರಿನ ಒತ್ತಡ ಪಿಸ್ಟನ್ನನ್ನು ಮೇಲಿನಿಂದ ತಡೆಯುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ತಡೆಯಲು ಏನೂ ಇರುವುದಿಲ್ಲ, ಆ ಬಲವೆಲ್ಲ ಎರಡು ಬೋಲ್ಟುಗಳ ಮೂಲಕವೇ ಹೋಗಬೇಕು. 7,500 ಆರ್‌ಪಿಎಂನಲ್ಲಿ ಇದು ನಿಮಿಷಕ್ಕೆ 3,750 ಸಲ ನಡೆಯುತ್ತದೆ. ಘಾಟಿ ಇಳಿಯುವಾಗ ತಪ್ಪಿ ಕೆಳಗಿನ ಗೇರಿಗೆ ಬಿದ್ದು ಎಂಜಿನ್ ಕೂಗಿಕೊಂಡರೆ, ಆಕ್ಸಿಲರೇಟರ್ ಮುಚ್ಚಿದ್ದರೂ ರಾಡ್ ಬೋಲ್ಟಿಗೆ ಅದೇ ಅತಿ ಕೆಟ್ಟ ಕ್ಷಣ. ಆ ಒಂದು ಕ್ಷಣದ ನಂತರ ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದರೂ ಬೋಲ್ಟುಗಳನ್ನು ಬದಲಿಸಬೇಕೆಂಬುದು ನಮ್ಮ ನಿಯಮ. ನಿಮ್ಮ ಕಾರು ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಹೋಗಿ ಬರುವುದಕ್ಕೆ ಮಾತ್ರವಾದರೆ, ಈ ಖರ್ಚು ಬೇಡ ಎಂದು ನಾವೇ ಹೇಳುತ್ತೇವೆ.

ಟಾರ್ಕ್ ವ್ರೆಂಚ್ ಬಳಸಿ, ಕೈಪಿಡಿಯ ಅಳತೆಗೆ ಸರಿಯಾಗಿ ಬಿಗಿಸಿದೆವು. ಆದರೂ ತುಂಡಾಯಿತು. ಏಕೆ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದವಾದರೂ ಓದಿ.

ಟಾರ್ಕ್ ವ್ರೆಂಚ್ ಅಳೆಯುವುದು ತಿರುಗಿಸಲು ಬೇಕಾದ ಬಲವನ್ನು. ಆ ಬಲದಲ್ಲಿ ಸುಮಾರು ಅರ್ಧ ಭಾಗ ಬೋಲ್ಟಿನ ತಲೆಯ ಕೆಳಗಿನ ತಿಕ್ಕಾಟಕ್ಕೆ, ಇನ್ನು ಸುಮಾರು 40 ಪ್ರತಿಶತ ಥ್ರೆಡ್ಡುಗಳ ತಿಕ್ಕಾಟಕ್ಕೆ ಹೋಗುತ್ತದೆ. ಬೋಲ್ಟನ್ನು ಎಳೆದು ಉದ್ದ ಮಾಡಲು ಉಳಿಯುವುದು ಹತ್ತರಲ್ಲಿ ಒಂದು ಪಾಲು. ತಿಕ್ಕಾಟ ಸ್ವಲ್ಪ ಬದಲಾದರೂ ಆ ಸಣ್ಣ ಪಾಲು ಎಷ್ಟೋ ಪಟ್ಟು ಏರುಪೇರಾಗುತ್ತದೆ.

ಒಂದು ಲೆಕ್ಕ ನೋಡಿ. 8.8 ದರ್ಜೆಯ (ಉಕ್ಕಿನ ಬಲ ಹೇಳುವ ಅಂಕಿ, ದೊಡ್ಡದಾದಷ್ಟೂ ಬಲ ಹೆಚ್ಚು) ಎಂ8, ಅಂದರೆ 8 ಮಿ.ಮೀ. ದಪ್ಪದ, ಬೋಲ್ಟಿಗೆ ಒಣಗಿದ ಸ್ಥಿತಿಯಲ್ಲಿ 25 ನ್ಯೂಟನ್-ಮೀಟರ್ ಸಾಮಾನ್ಯ ಅಳತೆ. ಅದರಿಂದ ಸುಮಾರು 15,600 ನ್ಯೂಟನ್ ಎಳೆತ ಬರುತ್ತದೆ, ಇದು ಆ ಬೋಲ್ಟ್ ಸುಖವಾಗಿ ಹೊರುವ ಭಾರ. ಅದೇ ಬೋಲ್ಟಿಗೆ ಮಾಲಿಬ್ಡಿನಮ್ ಗ್ರೀಸ್ ಹಚ್ಚಿ, ಅದೇ 25ಕ್ಕೆ ಬಿಗಿಸಿದರೆ ಎಳೆತ 24,000ದಿಂದ 26,000 ನ್ಯೂಟನ್‌ವರೆಗೆ ಹೋಗಬಹುದು. ಥ್ರೆಡ್ಡಿನ ಅಡ್ಡಕೊಯ್ತದ ವಿಸ್ತೀರ್ಣ 36.6 ಚದರ ಮಿ.ಮೀ. ಮಾತ್ರ, ಅಂದರೆ ಒತ್ತಡ 650 ಮೆಗಾಪಾಸ್ಕಲ್ ದಾಟಿತು. 8.8 ಉಕ್ಕು ಮತ್ತೆ ಕುಗ್ಗದಂತೆ ಹಿಗ್ಗಲು ಶುರುವಾಗುವುದೇ 640ರಲ್ಲಿ. ವ್ರೆಂಚ್ ಟಕ್ ಎಂದು ಸದ್ದು ಮಾಡಿತು, ಅಳತೆ ಸರಿಯಾಗಿಯೇ ಇತ್ತು, ಬೋಲ್ಟ್ ಮಾತ್ರ ಕೆಟ್ಟಿತ್ತು. ಇದರ ತಿರುಗುಮುರುಗೂ ಅಷ್ಟೇ ಸಾಮಾನ್ಯ: ಎಣ್ಣೆ ಹಚ್ಚಿ ಬಿಗಿಸಲು ಕೊಟ್ಟ ಅಳತೆಯನ್ನು ತುಕ್ಕು ಹಿಡಿದ ಒಣ ಥ್ರೆಡ್ಡಿಗೆ ಬಳಸಿದರೆ ಬೇಕಾದ ಎಳೆತದ ಅರ್ಧವೂ ಬರದೆ ಹೋಗಬಹುದು. ಆದ್ದರಿಂದ ಅಳತೆಯ ಜೊತೆಗೆ ಅದು ಯಾವ ಎಣ್ಣೆಗೆ ಕೊಟ್ಟ ಅಳತೆ ಎಂಬುದನ್ನೂ ಓದಲೇಬೇಕು.

ಹಾಗಾದರೆ ಏನು ಹಚ್ಚಬೇಕು? ತೆಂಗಿನೆಣ್ಣೆ ನಡೆಯುತ್ತದೆಯೇ?

ನಗಬೇಕಾದ ಪ್ರಶ್ನೆಯಲ್ಲ, ನಮ್ಮೂರಿನಲ್ಲಿ ಬಾಗಿಲ ತಿರುಗಣೆಯಿಂದ ಹೊಲಿಗೆ ಯಂತ್ರದವರೆಗೆ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಆದರೆ ಆ ಎಣ್ಣೆಗೆ ಯಾವ ತಯಾರಕರೂ ಬಿಗಿಯ ಅಳತೆ ಕೊಟ್ಟಿಲ್ಲ, ಹಾಗಾಗಿ ಬೇಡ. ಬೋಲ್ಟಿನ ಜೊತೆ ಬಂದ ಲೂಬ್ರಿಕೆಂಟ್ ಇದ್ದರೆ ಅದನ್ನೇ, ಕೈಪಿಡಿ ಎಂಜಿನ್ ಆಯಿಲ್ ಎಂದಿದ್ದರೆ ಎಂಜಿನ್ ಆಯಿಲನ್ನೇ ಹಚ್ಚಬೇಕು. ಥ್ರೆಡ್ಡಿಗೆ ಹಚ್ಚಿ ತಲೆಯ ಅಡಿಯನ್ನೂ ವಾಷರಿನ ಮೇಲ್ಭಾಗವನ್ನೂ ಮರೆಯುವವರು ಬಹಳ. ತಿಕ್ಕಾಟದ ದೊಡ್ಡ ಪಾಲು ಇರುವುದೇ ಅಲ್ಲಿ. ವಾಷರಿನ ಅಡಿ ಮಾತ್ರ ಒಣಗಿರಲಿ, ವಾಷರ್ ತಿರುಗಬಾರದು. ಎಆರ್‌ಪಿಯಂಥ ತಯಾರಕರ ಹೊಸ ಬೋಲ್ಟುಗಳನ್ನು ಕೆಲವು ಸಲ ಬಿಗಿಸಿ ಸಡಿಲಿಸಿ, ಪ್ರತಿ ಸಲವೂ ಎಣ್ಣೆ ಹಚ್ಚಿ, ಕೊನೆಯ ಬಿಗಿ ಕೊಡುವುದು ಒಳ್ಳೆಯದು. ಮೊದಲ ಒಂದೆರಡು ಸಲ ಒರಟಾಗಿದ್ದ ಮೇಲ್ಮೈ ನಯವಾದ ಮೇಲೆಯೇ ತಿಕ್ಕಾಟ ಒಂದು ಮಟ್ಟಕ್ಕೆ ನಿಲ್ಲುತ್ತದೆ.

ಬೋಲ್ಟ್ ಎಷ್ಟು ಉದ್ದವಾಯಿತೆಂದು ಅಳೆಯಲು ಸಾಧ್ಯವೇ?

ರಾಡ್ ಬೋಲ್ಟಿನಲ್ಲಿ ಸಾಧ್ಯ, ಅಲ್ಲಿ ಎರಡೂ ತುದಿ ಕೈಗೆ ಸಿಗುತ್ತವೆ. ಸ್ಟ್ರೆಚ್ ಗೇಜ್ ಎಂಬ ಡಯಲ್ ಇರುವ ಉಪಕರಣವನ್ನು ಸಡಿಲ ಬೋಲ್ಟಿನ ಎರಡು ತುದಿಗೆ ಕೂರಿಸಿ, ಮುಳ್ಳನ್ನು ಸೊನ್ನೆಗೆ ತಂದು, ಬಿಗಿಸುತ್ತಾ ಓದುತ್ತಾ ಹೋಗುವುದು. ಸ್ಪರ್ಧೆಯ ಹಲವು ರಾಡ್ ಬೋಲ್ಟುಗಳಿಗೆ ಹೇಳಿರುವ ಹಿಗ್ಗು 0.15 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಅಂದರೆ ಎರಡು ತಲೆಗೂದಲಿನಷ್ಟು. ಈ ವಿಧಾನದಲ್ಲಿ ತಿಕ್ಕಾಟದ ಗೊಡವೆಯೇ ಇಲ್ಲ. ಅದರಿಂದಲೇ ರಾಡ್ ಬೋಲ್ಟಿಗೆ ಟಾರ್ಕ್ ಅಳತೆಯನ್ನು ಮಾತ್ರ ನಂಬಿ ನಾವು ಎಂಜಿನ್ ಮುಚ್ಚುವುದಿಲ್ಲ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಹೊಸ ಬೋಲ್ಟನ್ನು ಹಾಕುವ ಮೊದಲು ಮೈಕ್ರೊಮೀಟರಿನಿಂದ ಅದರ ಉದ್ದ ಅಳೆದು, ಯಾವ ಸಿಲಿಂಡರು, ಯಾವ ಬದಿ ಎಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಬಿಚ್ಚಿದಾಗ ಅದೇ ಬೋಲ್ಟ್ 0.025 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಉದ್ದವಾಗಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಅದನ್ನು ಬಿಸಾಡಬೇಕು. ಬರೆದಿಡದಿದ್ದರೆ ಈ ತೀರ್ಮಾನ ಮಾಡುವುದಕ್ಕೆ ಬೇರೆ ದಾರಿಯಿಲ್ಲ.

ಹಳೆಯ ಹೆಡ್ ಬೋಲ್ಟುಗಳನ್ನು ಮತ್ತೆ ಬಳಸಬಹುದೇ?

ಕೈಪಿಡಿಯಲ್ಲಿ ಇಷ್ಟು ಟಾರ್ಕ್, ಆಮೇಲೆ 90 ಡಿಗ್ರಿ ಎಂಬಂತೆ ಕೋನ ಕೊಟ್ಟಿದ್ದರೆ ಹೆಚ್ಚಾಗಿ ಅವು ಮರಳಿ ಕುಗ್ಗದ ಮಟ್ಟಕ್ಕೇ ಹಿಗ್ಗಿಸಲೆಂದು ಮಾಡಿದ ಬೋಲ್ಟುಗಳು. ಕೈಪಿಡಿಯೇ ಉದ್ದದ ಮಿತಿ ಕೊಟ್ಟು ಅನುಮತಿಸದ ಹೊರತು ಅವುಗಳಿಗೆ ಒಂದೇ ಬಾಳು. ಮಿಕ್ಕ ಬೋಲ್ಟುಗಳನ್ನು ಥ್ರೆಡ್ ಸವೆದಿಲ್ಲದೆ, ಸೊಂಟ ಸಣ್ಣಗಾಗದೆ, ತುಕ್ಕಿನ ಗುಳಿ ಬೀಳದೆ ಇದ್ದರೆ ಬಳಸಬಹುದು. ಪರೀಕ್ಷೆ ಸುಲಭ: ಹೊಸ ನಟ್ಟನ್ನು ಬೆರಳಿನಿಂದಲೇ ಉದ್ದಕ್ಕೂ ತಿರುಗಿಸಿ, ನಡುವೆ ಒಂದು ಕಡೆ ಹಿಡಿದುಕೊಂಡರೆ ಅಲ್ಲಿ ಥ್ರೆಡ್ಡಿನ ಅಂತರ ಹಿಗ್ಗಿದೆ ಎಂದು ತಿಳಿಯಿರಿ.

ಎಲ್ಲ ಕಡೆಗೂ 12.9 ದರ್ಜೆಯ ಬೋಲ್ಟ್ ಹಾಕಿಬಿಟ್ಟರೆ ಚಿಂತೆ ಇರುವುದಿಲ್ಲವಲ್ಲ? ಇಲ್ಲದಿದ್ದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್?

ಮೊದಲು ಸ್ಟೇನ್‌ಲೆಸ್ ವಿಷಯ ಮುಗಿಸೋಣ. ಮಲ್ಪೆಯಂಥ ಬಂದರಿನ ಊರಿನಲ್ಲಿ ದೋಣಿಗಳಿಗೆಂದು ಮಾರುವ ಸ್ಟೇನ್‌ಲೆಸ್ ಬೋಲ್ಟುಗಳು ಥಳಥಳನೆ ಹೊಳೆಯುತ್ತವೆ, ಬೆಲೆಯೂ ಪರವಾಗಿಲ್ಲ. ಆದರೆ ಅವುಗಳ ಮೇಲಿನ ದರ್ಜೆ ಎ4-70 ಎಂದರೆ ತುಂಡಾಗುವ ಮಿತಿ 700 ಮೆಗಾಪಾಸ್ಕಲ್, ಹಿಗ್ಗಲು ಶುರುವಾಗುವ ಮಿತಿ 450. ಸಾಧಾರಣ 8.8ಕ್ಕಿಂತಲೂ ಅದು ಮೃದು. ಜೊತೆಗೆ ಒಣಗಿದ ಸ್ಟೇನ್‌ಲೆಸ್ ಥ್ರೆಡ್ಡುಗಳು ಬಿಗಿಸುವಾಗಲೇ ಒಂದಕ್ಕೊಂದು ಅಂಟಿ ಕಚ್ಚಿಕೊಳ್ಳುತ್ತವೆ. ರೇಡಿಯೇಟರಿನ ಬ್ರಾಕೆಟ್ಟಿಗೆ ಹಾಕಿ, ಎಂಜಿನ್ನಿನ ಒಳಗೆ ಬೇಡ.

12.9 ನಿಜವಾಗಿ ಬಲವಾದದ್ದು, ಸುಮಾರು 1,200 ಮೆಗಾಪಾಸ್ಕಲ್. ಆದರೆ ಉಕ್ಕು ಗಡುಸಾದಷ್ಟೂ ಸಣ್ಣ ಗೀರು, ತುಕ್ಕಿನ ಚುಕ್ಕೆ, ಹೈಡ್ರೋಜನ್ ಇವುಗಳನ್ನು ಸಹಿಸುವ ಗುಣ ಕಡಿಮೆಯಾಗುತ್ತದೆ. ಬೋಲ್ಟಿನ ಬಲ ಹೆಚ್ಚಾದರೆ ಅದು ಕೂರುವ ಅಲ್ಯೂಮಿನಿಯಂ ಥ್ರೆಡ್ಡಿನ ಬಲ ಹೆಚ್ಚಾಗುವುದಿಲ್ಲ ಎಂಬುದೂ ನೆನಪಿರಲಿ. ಅಲ್ಯೂಮಿನಿಯಂನಲ್ಲಿ ಬೋಲ್ಟಿನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳಕ್ಕೆ ಥ್ರೆಡ್ ಹಿಡಿಯಬೇಕು. ಅಂಗಡಿಯಲ್ಲಿ ಕೊಳ್ಳುವಾಗ ತಲೆಯ ಮೇಲೆ ದರ್ಜೆಯ ಜೊತೆ ತಯಾರಕರ ಗುರುತೂ ಇದೆಯೇ ನೋಡಿ, ಬರೀ 12.9 ಎಂದು ಅಚ್ಚೊತ್ತುವುದಕ್ಕೆ ಹೆಚ್ಚಿನ ಕಷ್ಟವೇನಿಲ್ಲ. ಅನುಮಾನವಿದ್ದರೆ ಒಂದನ್ನು ಗಡಸುತನದ ಪರೀಕ್ಷೆಗೆ ಕೊಡಿ: ನಿಜವಾದ 12.9 ರಾಕ್‌ವೆಲ್ ಸಿ ಅಳತೆಯಲ್ಲಿ 39ರಿಂದ 44ರ ನಡುವೆ, 10.9 ಆದರೆ 32ರಿಂದ 39ರ ನಡುವೆ ಬರಬೇಕು.

ಕಡಲತೀರದ ಹವೆಯಿಂದ ಬೋಲ್ಟಿಗೆ ತೊಂದರೆಯಿದೆಯೇ?

ಇದೆ, ಮತ್ತು ಹೊರಗಿನ ಊರಿನವರು ಬರೆದ ಮಾರ್ಗದರ್ಶನಗಳಲ್ಲಿ ಇದಕ್ಕೆ ಸಿಗುವ ಜಾಗ ಬಹಳ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ; ಅರ್ಧ ಜೋಡಿಸಿಟ್ಟ ಎಂಜಿನ್ನಿನ ಸ್ಟಡ್ಡುಗಳ (ತಲೆಯಿಲ್ಲದ, ಎರಡು ತುದಿಯಲ್ಲೂ ಥ್ರೆಡ್ ಇರುವ ಸರಳುಗಳ) ಮೇಲೆ ಒಂದೆರಡು ವಾರದಲ್ಲೇ ಕಂದು ಪುಡಿ ಕೂರುತ್ತದೆ. ಗಡುಸು ಉಕ್ಕಿನಲ್ಲಿ ತುಕ್ಕಿನ ಒಂದು ಚುಕ್ಕೆಯೇ ಬಿರುಕಿನ ಬೀಜ. ಎಣ್ಣೆ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಎಆರ್‌ಪಿಯ ಎಲ್19 ಎಂಬ ಅತಿ ಬಲದ ಉಕ್ಕಿನ ಬೋಲ್ಟುಗಳು ತೇವಕ್ಕೆ ಎಷ್ಟು ಸೂಕ್ಷ್ಮವೆಂದರೆ ಅವನ್ನು ಬರಿಗೈಯಲ್ಲಿ ಮುಟ್ಟದೆ ಸದಾ ಎಣ್ಣೆಯ ಲೇಪದಲ್ಲೇ ಇಡಬೇಕು. ಮೇ ತಿಂಗಳ ಸೆಕೆಯಲ್ಲಿ ಹಣೆಯಿಂದ ತೊಟ್ಟಿಕ್ಕುವ ಬೆವರಿನೊಡನೆ ಕೆಲಸ ಮಾಡುವ ನಾವು, ಈ ಊರಿನಲ್ಲಿ ಅವನ್ನು ಬಳಸಲು ಯಾರಿಗೂ ಸಲಹೆ ಕೊಡುವುದಿಲ್ಲ.

ತುಕ್ಕು ಹಿಡಿದ ಬೋಲ್ಟನ್ನು ಆಸಿಡ್‌ನಲ್ಲಿ ನೆನೆಸಿ ಹೊಸದು ಮಾಡುವುದು ಇನ್ನೂ ಕೆಟ್ಟದ್ದು. ಆಸಿಡ್ ಉಕ್ಕಿನೊಡನೆ ಸೇರಿದಾಗ ಹುಟ್ಟುವ ಹೈಡ್ರೋಜನ್ ಲೋಹದೊಳಗೆ ನುಸುಳುತ್ತದೆ. ಬೋಲ್ಟ್ ಬಿಗಿಸುವಾಗ ಏನೂ ಆಗುವುದಿಲ್ಲ; ಗಂಟೆಗಳೋ ದಿನಗಳೋ ಕಳೆದ ಮೇಲೆ, ಕಾರು ನಿಂತಲ್ಲೇ ಇರುವಾಗ, ಗಾಜಿನಂತೆ ತಟ್ಟನೆ ತುಂಡಾಗುತ್ತದೆ. ಸತುವಿನ ಎಲೆಕ್ಟ್ರೋಪ್ಲೇಟಿಂಗ್ ಮಾಡಿಸುವುದರಲ್ಲೂ ಇದೇ ಅಪಾಯ. ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಹಲವು ಗಂಟೆ ಕಾಯಿಸದಿದ್ದರೆ 12.9 ಬೋಲ್ಟ್ ನಂಬಿಕೆಗೆ ಯೋಗ್ಯವಲ್ಲ. ಬಿಂಬುಳಿ, ಹುಣಸೆಹುಳಿಯ ನೀರು ಹಿತ್ತಾಳೆಯ ದೀಪ ಬೆಳಗುವುದಕ್ಕೆ ಇರಲಿ. ಬೋಲ್ಟಿಗೆ ಸೀಮೆಎಣ್ಣೆ ಮತ್ತು ನೈಲಾನ್ ಬ್ರಷ್ ಸಾಕು, ಅದರಿಂದ ಹೋಗದ ತುಕ್ಕಿದ್ದರೆ ಬೋಲ್ಟೇ ಹೋಗಲಿ.

ಬೋಲ್ಟ್ ಒಳ್ಳೆಯದೋ, ಸ್ಟಡ್ ಒಳ್ಳೆಯದೋ?

ಹೆಡ್ಡಿಗೆ ಮತ್ತು ಮೇನ್ ಬೇರಿಂಗಿಗೆ ಸ್ಟಡ್. ಬೋಲ್ಟನ್ನು ಬಿಗಿಸುವಾಗ ಅದು ಎಳೆತದ ಜೊತೆ ತಿರುಚುವಿಕೆಯನ್ನೂ ತಾಳಬೇಕು. ಸ್ಟಡ್ಡಿನಲ್ಲಿ ತಿರುಗುವುದು ನಟ್ಟು, ಸ್ಟಡ್ಡಿಗೆ ಸಿಗುವುದು ಹೆಚ್ಚಾಗಿ ನೇರ ಎಳೆತ. ಪದೇ ಪದೇ ಹೆಡ್ ಇಳಿಸುವ ಎಂಜಿನ್ನಿನಲ್ಲಿ ಬ್ಲಾಕಿನ ಥ್ರೆಡ್ಡೂ ಉಳಿಯುತ್ತದೆ. ಆದರೆ ಸ್ಟಡ್ಡನ್ನು ಬ್ಲಾಕಿಗೆ ಹಾಕುವಾಗ ಕೈಬಿಗಿಯಷ್ಟೇ ಸಾಕು. ಪೈಪ್ ಹಾಕಿ ತಳಕ್ಕೆ ಒತ್ತಿ ಬಿಗಿಸಿದರೆ ಸ್ಟಡ್ ಓರೆಯಾಗುತ್ತದೆ, ಬ್ಲಾಕಿನಲ್ಲಿ ಬಿರುಕು ಬರಲೂಬಹುದು. ವಾಷರಿನ ಒಂದು ಬದಿಯಲ್ಲಿ ರಂಧ್ರದ ಅಂಚನ್ನು ಓರೆಯಾಗಿ ಕೊರೆದಿದ್ದರೆ ಆ ಬದಿ ಮೇಲಕ್ಕೆ, ನಟ್ಟು ಅಥವಾ ಬೋಲ್ಟಿನ ತಲೆಯ ಕಡೆಗೆ ಇರಬೇಕು. ತಿರುವಿ ಹಾಕಿದರೆ ಬೋಲ್ಟಿನ ತಲೆಯ ಅಡಿಯ ತಿರುವಿಗೆ ವಾಷರಿನ ಚೂಪು ಅಂಚು ತಗಲಿ, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಬ್ಲಾಕಿನ ರಂಧ್ರಗಳನ್ನು ಹೇಗೆ ಸಿದ್ಧಪಡಿಸಬೇಕು?

ನಮ್ಮದೇ ತಪ್ಪನ್ನು ಹೇಳುತ್ತೇವೆ. ಹಲವು ವರ್ಷಗಳ ಹಿಂದೆ, ತೊಳೆದು ತಂದ ಒಂದು ಬ್ಲಾಕಿನ ತಳಮುಚ್ಚಿದ ರಂಧ್ರದಲ್ಲಿ ಎಣ್ಣೆ ನಿಂತಿದ್ದುದನ್ನು ಗಮನಿಸದೆ ಹೆಡ್ ಬೋಲ್ಟ್ ಇಳಿಸಿದೆವು. ಎಣ್ಣೆ ಕುಗ್ಗುವ ವಸ್ತುವಲ್ಲ. ಬೋಲ್ಟ್ ಕೆಳಗೆ ಬಂದಂತೆ ಅದು ಜ್ಯಾಕಿನೊಳಗಿನ ಎಣ್ಣೆಯಂತೆ ಸುತ್ತಲಿನ ಲೋಹವನ್ನು ನೂಕಿತು. ವ್ರೆಂಚ್ ಅಳತೆ ತೋರಿಸಿತು, ಬೋಲ್ಟಿನಲ್ಲಿ ಎಳೆತ ಇರಲಿಲ್ಲ, ರಂಧ್ರದ ಪಕ್ಕದಲ್ಲಿ ಬೆರಳಿನುದ್ದದ ಬಿರುಕು ಮಾತ್ರ ಇತ್ತು. ಗಿರಾಕಿಗೆ ಬೇರೆ ಬ್ಲಾಕ್ ಹುಡುಕಿ ಕೊಟ್ಟೆವು. ಅಂದಿನಿಂದ ಪ್ರತಿ ರಂಧ್ರಕ್ಕೂ ಕಂಪ್ರೆಸರ್ ಗಾಳಿ ಹಿಡಿದು, ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ಒಣಗಿದೆಯೆಂದು ನೋಡಿದ ಮೇಲೆಯೇ ಮುಂದಿನ ಕೆಲಸ.

ಥ್ರೆಡ್ ಶುದ್ಧ ಮಾಡಲು ಸಾಧಾರಣ ಟ್ಯಾಪ್ ಬಳಸಬೇಡಿ, ಅದು ಲೋಹವನ್ನು ಕೊರೆದು ಥ್ರೆಡ್ಡನ್ನು ತೆಳುವಾಗಿಸುತ್ತದೆ. ಅದಕ್ಕೆಂದೇ ಇರುವ ಥ್ರೆಡ್ ಚೇಸರ್ ತೆಗೆದುಕೊಳ್ಳಿ. ಬೋಲ್ಟ್ ತಳಕ್ಕೆ ಮುಟ್ಟಿ ನಿಲ್ಲುವುದಿಲ್ಲ ಎಂಬುದನ್ನೂ ಆಳ ಅಳೆದು ಖಚಿತಪಡಿಸಿಕೊಳ್ಳಿ, ಹೆಡ್ಡನ್ನು ಮಟ್ಟ ಮಾಡಲು ಲೇತಿನವರಲ್ಲಿ ಕೊಟ್ಟು ತಂದಿದ್ದರೆ ಮುಖ್ಯವಾಗಿ.

ದೊಡ್ಡ ಬೋಲ್ಟುಗಳು ಸರಿಯಾಗಿರುತ್ತವೆ, ಕ್ಯಾಮ್ ಕ್ಯಾಪಿನ ಸಣ್ಣವೇ ತುಂಡಾಗುತ್ತವೆ. ಕಾರಣ?

ಎಂ6 ಬೋಲ್ಟಿಗೆ ಬೇಕಾದದ್ದು ಸುಮಾರು 10 ನ್ಯೂಟನ್-ಮೀಟರ್, ಕೈಗೆ ಬರುವುದು ಅರ್ಧ ಇಂಚಿನ ರಾಚೆಟ್. ಅಷ್ಟು ಉದ್ದದ ಹಿಡಿಕೆಯಲ್ಲಿ ಹತ್ತು ಎಷ್ಟೆಂದು ಯಾವ ಮೇಸ್ತ್ರಿಯ ಕೈಗೂ ತಿಳಿಯುವುದಿಲ್ಲ, ನಲವತ್ತು ವರ್ಷದ ಅನುಭವವಿದ್ದರೂ. ಕಾಲಿಂಚಿನ ಸಣ್ಣ ಟಾರ್ಕ್ ವ್ರೆಂಚ್ ಬೇರೆಯೇ ಇಟ್ಟುಕೊಳ್ಳಿ. ಗಡುಸಾದ ವಾಲ್ವ್ ಸ್ಪ್ರಿಂಗ್ ಹಾಕಿದ ಎಂಜಿನ್ನಿನಲ್ಲಿ ಒಂದು ಕ್ಯಾಪನ್ನು ಪೂರ್ತಿ ಬಿಗಿಸಿ ಇನ್ನೊಂದಕ್ಕೆ ಹೋದರೆ ಕ್ಯಾಮಿನ ಭಾರವೆಲ್ಲ ಒಂದೆರಡು ಬೋಲ್ಟಿಗೆ ಬೀಳುತ್ತದೆ. ಎಲ್ಲವನ್ನೂ ಅರ್ಧರ್ಧ ಸುತ್ತು, ಕೈಪಿಡಿಯ ಕ್ರಮದಲ್ಲಿ ಇಳಿಸಬೇಕು. ಇಂಪ್ಯಾಕ್ಟ್ ಗನ್ ಬಿಚ್ಚುವುದಕ್ಕೆ ಮಾತ್ರ.

ಟಾರ್ಕ್ ವ್ರೆಂಚನ್ನು ಎಷ್ಟು ನಂಬಬಹುದು?

ಒಳ್ಳೆಯ ವ್ರೆಂಚ್ ನಾಲ್ಕು ಪ್ರತಿಶತ ಆಚೀಚೆ ತೋರಿಸುತ್ತದೆ, ಅದೂ ಅದರ ಗರಿಷ್ಠ ಅಳತೆಯ ಐದನೇ ಒಂದು ಭಾಗಕ್ಕಿಂತ ಮೇಲೆ ಬಳಸಿದರೆ. ವರ್ಷಕ್ಕೊಮ್ಮೆ ಅಥವಾ 5,000 ಸಲ ಬಳಸಿದ ಮೇಲೆ ಎನ್‌ಎಬಿಎಲ್ ಮಾನ್ಯತೆಯಿರುವ ಪ್ರಯೋಗಾಲಯದಲ್ಲಿ ತಾಳೆ ನೋಡಿಸಿ. ಕೆಲಸ ಮುಗಿದ ಮೇಲೆ ಕನಿಷ್ಠ ಅಳತೆಗೆ ತಿರುಗಿಸಿಡಿ, ಅದರಿಂದ ಬೋಲ್ಟ್ ಬಿಚ್ಚಬೇಡಿ. ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಮಾನದಲ್ಲಿ: ಅಮೆರಿಕದ ಬೋಲ್ಟಿನ ಹಾಳೆ ಫುಟ್-ಪೌಂಡಿನಲ್ಲಿ, ನಮ್ಮ ಹಳೆಯ ಕೈಪಿಡಿಗಳು ಕೆ.ಜಿ.-ಮೀಟರಿನಲ್ಲಿ, ಹೊಸವು ನ್ಯೂಟನ್-ಮೀಟರಿನಲ್ಲಿ. 50 ನ್ಯೂಟನ್-ಮೀಟರ್ ಎಂದಿದ್ದಲ್ಲಿ 50 ಫುಟ್-ಪೌಂಡಿಗೆ ಬಿಗಿಸಿದರೆ ಕೊಟ್ಟದ್ದು 68. ಜೋಡಣೆಗೆ ಕೂರುವ ಮೊದಲೇ ಎಲ್ಲವನ್ನೂ ಒಂದೇ ಮಾನಕ್ಕೆ ಬದಲಿಸಿ ಗೋಡೆಗೆ ಅಂಟಿಸಿಕೊಳ್ಳಿ.

ತುಂಡಾದ ಬೋಲ್ಟನ್ನು ನೋಡಿ ಕಾರಣ ಹೇಳಬಹುದೇ?

ಬಹಳ ಮಟ್ಟಿಗೆ ಹೇಳಬಹುದು, ಆದ್ದರಿಂದ ಬಿಸಾಡದೆ ತನ್ನಿ. ಒಡೆದ ಎರಡು ಮುಖಗಳನ್ನು ಒಂದಕ್ಕೊಂದು ಕೂರಿಸಿ ನೋಡುವ ಆಸೆ ಮಾತ್ರ ಬೇಡ, ಗುರುತು ಅಳಿಸಿಹೋಗುತ್ತದೆ. ಸೊಂಟ ಸಣ್ಣಗಾಗಿ, ಬಟ್ಟಲಿನ ಆಕಾರದಲ್ಲಿ ಹರಿದಿದ್ದರೆ ಅತಿ ಎಳೆತ. ಮುಖ ಚಪ್ಪಟೆಯಾಗಿದ್ದು, ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಸಾಲುಗಳಂಥ ಗುರುತು ಒಂದು ಬಿಂದುವಿನಿಂದ ಹರಡಿದ್ದರೆ ದಣಿವು, ಅಂದರೆ ಹೆಚ್ಚಾಗಿ ಬಿಗಿ ಸಾಲದೆ ಆದದ್ದು. ಮುಖವೆಲ್ಲ ಕಲ್ಲುಸಕ್ಕರೆಯಂತೆ ಹರಳುಹರಳಾಗಿ ಮಿನುಗುತ್ತಿದ್ದರೆ ಹೈಡ್ರೋಜನ್ನಿನ ಅನುಮಾನ ಮೊದಲು ಬರಬೇಕು. ರಾಡ್ ಬೋಲ್ಟ್ ಒಂದು ತುಂಡಾಗಿದ್ದರೆ ಅದರ ಜೊತೆಯದನ್ನೂ ತನ್ನಿ: ಮೊದಲು ಹೋದದ್ದರಲ್ಲಿ ದಣಿವಿನ ಸಾಲುಗಳಿರುತ್ತವೆ, ಎರಡನೆಯದು ಒಂಟಿಯಾಗಿ ಭಾರ ಹೊತ್ತು ಬಾಗಿ ಹರಿದಿರುತ್ತದೆ, ಮತ್ತು ಎರಡನೆಯದನ್ನು ಮಾತ್ರ ನೋಡಿದವರು ಹೆಚ್ಚು ಬಿಗಿಯಾಗಿತ್ತು ಎಂದೇ ಹೇಳಿಬಿಡುತ್ತಾರೆ.